ನೇಮಕ್ಕನ ಮೂಗುತಿಗೆ ಸಮುದ್ರ ಹೊಣೆ ನಿಂತದ್ದು

ಒಂದಾನೊಂದು ಕಾಲದಲ್ಲಿ, ಅಂದ್ರೆ ಸಮುದ್ರಕ್ಕೆ ಇನ್ನೂ ಕಿವಿ ಕೇಳಿಸ್ತಿದ್ದ ಕಾಲದಲ್ಲಿ, ಮುತ್ತುಕೋಡಿ ಅಂತ ಒಂದು ಬಂದರು ಇತ್ತಂತೆ. ಅಲ್ಲಿ ನೇಮಕ್ಕ ಸೆಟ್ಟಿತಿ ಅಂತ ಒಬ್ಬಳು. ಅವಳ ವಜ್ರದ ಮೂಗುತಿ ಬೀದಿ ತುದಿಗೇ ಮಿಂಚೋದಂತೆ, ಅದನ್ನ ನೋಡಿ ನೋಡಿ ಎದುರುಮನೆ ದುಗ್ಗಮ್ಮ ಗಂಡನ್ನ ದಿನಾ ಬೈಯೋದು ಅಭ್ಯಾಸ ಮಾಡ್ಕೊಂಡಿದ್ಲಂತೆ. ನೇಮಕ್ಕನಿಗೆ ಸಂಕಪ್ಪ, ದೂಮಪ್ಪ ಅಂತ ಇಬ್ಬರು ಗಂಡುಮಕ್ಕಳು, ಪದುಮಿ ಅಂತ ಒಬ್ಬಳೇ ಹೆಣ್ಣು. ಗಂಡ ಸೆಟ್ಟಿನೂ ಇದ್ದ, ಇದ್ದ ಅಷ್ಟೇ. ಅವನ ವಿಷಯ ಆಮೇಲೆ ಬರುತ್ತೆ, ನಿದ್ದೆ ಮಾಡ್ಬೇಡ, ಅಲ್ಲೇ ಇರೋದು ರುಚಿ.

ಪದುಮಿನ ಸಮುದ್ರದಾಚೆ ಲವಂಗದ ದ್ವೀಪಕ್ಕೆ ಕೊಟ್ಟಿದ್ರು. ಅವಳು ಬಸುರಿ ಆದ್ಲು. ಆಮೇಲೆ ಅಲ್ಲಿಂದ ಬಂದ ಹಡಗಿನವರು ಅತ್ತೆ ಮಾತು ತಂದ್ರಂತೆ. ಸೀಮಂತಕ್ಕೆ ತವರಿನ ಒಡವೆ ಬಂದ್ರೆ ಸೊಸೆ, ಬರದಿದ್ರೆ ಕೊಟ್ಟಿಗೇಲಿ ಸಗಣಿ ಬಾಚ್ಕೊಂಡು ಅಲ್ಲೇ ಹೆರಲಿ ಅಂದಿದ್ಲಂತೆ ಆ ಮಾರಿ. ಚಿನ್ನದ ಡಾಬೇ ಬೇಕಂತೆ. ಬಸುರಿ ಸೊಂಟಕ್ಕೆ ಡಾಬು ಎಲ್ಲಿ ಸುತ್ತೋದು ಅಂತೀಯ? ಅತ್ತೆಯರು ಕೇಳೋದು ಸುತ್ತೋಕಲ್ಲ ಕೂಸೇ, ತೂಗೋಕೆ.

ಆ ವರ್ಷ ಸಮುದ್ರದ ಹೊಟ್ಟೆ ಕೆಟ್ಟಿತ್ತು, ಹೋದ ಹಡಗೆಲ್ಲ ಮುಳುಗೋದು. ಜನ ಹೆಂಗೋ ಈಜಿ ಬರೋರು, ಒಡವೆ ಈಜುತ್ತಾ? ಅದಕ್ಕೇ ದಡದಲ್ಲಿ ಉಪ್ಪಜ್ಜಿ ಅಂತ ಒಬ್ಬಳು ಉಪ್ಪಿನ ರಾಶಿ ಮೇಲೆ ತಕ್ಕಡಿ ಹಿಡ್ಕೊಂಡು ಕೂತಿರ್ತಿದ್ಲಂತೆ. ಎಷ್ಟು ವರ್ಷದವಳೋ ಯಾರಿಗೂ ಗೊತ್ತಿಲ್ಲ, ಅವಳು ಕೆಮ್ಮಿದ್ರೆ ಅಲೆ ನಿಲ್ತಿತ್ತಂತೆ. ಹೊರದೇಶಕ್ಕೆ ಬೆಲೆಬಾಳೋ ವಸ್ತು ಕಳಿಸೋರು ಅವಳ ಮುಂದೆ ನಿಂತು, ಇದು ಇಂಥದ್ದು, ಇದರ ಬೆಲೆ ಇಷ್ಟು ಅಂತ ಸಮುದ್ರಕ್ಕೆ ಕೇಳೋ ಹಾಗೆ ಕೂಗಿ ಹೇಳಿ, ಬೆಲೆಗೆ ತಕ್ಕ ಒಂದು ಪಾಲು ಉಪ್ಪಿನ ರಾಶಿಗೆ ಹಾಕ್ಬೇಕು. ವಸ್ತು ಮುಳುಗಿದ್ರೆ, ಹೇಳಿದ್ದಷ್ಟನ್ನ ಸಮುದ್ರವೇ ಮನೆಬಾಗಿಲಿಗೆ ತಂದಿಡುತ್ತೆ. ಅದೇ ಹೊಣೆ.

ಮೊದಲು ದೊಡ್ಡಮಗ ಸಂಕಪ್ಪ ಡಾಬು ತಗೊಂಡು ಹೊರಟ. ನೇಮಕ್ಕ ಅವನ ಕಿವಿ ಹಿಂಡಿ, ಮುಂಡೇದೇ, ದುಗ್ಗಮ್ಮ ದಡದಲ್ಲೇ ಇದಾಳೆ, ಬೆಲೆ ಕೂಗಿದ್ರೆ ದೃಷ್ಟಿ ಬೀಳುತ್ತೆ, ಸುಮ್ನೆ ಏನೋ ಒಂದು ಹೇಳು ಅಂದ್ಲಂತೆ. ಅವನು ಹೋಗಿ, ಇದು ಹಳೇ ತಗಡು ಅಜ್ಜಿ, ಒಂದು ಸೇರು ಅರಳಿನ ಬೆಲೆ ಅಂತ ಕೂಗಿದ. ಪಾಲು ಅಂತ ಒಂದು ಹಿಡಿ ಅರಳು ಹಾಕಿದ. ಉಪ್ಪಜ್ಜಿ ಅವನ ಮುಖ ನೋಡಿ, ಹೇಳಿದ್ದು ನೀನೇ ತಾನೇ ಅಂದ್ಲು. ಹೂಂ ಅಂದ. ಹಡಗು ಮುಳುಗ್ತು. ಬೆಳಗಾದ್ರೆ ನೇಮಕ್ಕನ ಹೊಸ್ತಿಲ ಮೇಲೆ ಒಂದು ಸೇರು ಅರಳು! ಒಂದು ಕಾಳೂ ಹೆಚ್ಚಿಲ್ಲ, ಒಂದು ಕಾಳೂ ನೆನೆದಿಲ್ಲ. ದುಗ್ಗಮ್ಮ ಬಂದು, ಏನಕ್ಕಾ ಇವತ್ತು ಅರಳು ಹುರಿದ್ರಾ ಅಂತ ಬೇಕಂತ್ಲೇ ಕೇಳಿದ್ಲಂತೆ.

ಆಮೇಲೆ ಎರಡನೇ ಮಗ ದೂಮಪ್ಪ ಎದ್ದ. ಅಣ್ಣ ಪೆದ್ದ, ನಾನು ನೋಡು ಹೋದದ್ದನ್ನೂ ಸೇರಿಸಿ ಕಿತ್ಕೊಂಡು ಬರ್ತೀನಿ ಅಂತ ಒಂದು ಜೊತೆ ಬುಗುಡಿ ತಗೊಂಡು ಹೋಗಿ, ಇದು ಏಳು ಆನೆ ತೂಕದ ಬಂಗಾರಕ್ಕೆ ಸಮ ಅಂತ ಕೂಗಿದ. ಪಾಲಿಗೆ ಮನೆ ಬೆಳ್ಳಿಪಾತ್ರೆ ಎಲ್ಲ ಸುರಿದ. ಆ ಹಡಗೂ ಮುಳುಗ್ತು. ಬಂತಪ್ಪ ಸಮುದ್ರ! ಆನೆ ಹಾಗೇ ಬಂತಂತೆ, ಬೀದಿ ತುಂಬ ಎದ್ದು ನಿಂತು, ಆ ಬುಗುಡಿನ ಬೆರಳ ತುದೀಲಿ ಹಿಡಿದು ಆಡಿಸ್ತಾ, ಇದಾ ಏಳು ಆನೆ ಅಂತ ಕೇಳ್ತಂತೆ. ದೂಮಪ್ಪ ಅಟ್ಟ ಹತ್ತಿ ಕೂತ. ಸುಳ್ಳಿಗೆ ಹೊಣೆ ಇಲ್ಲ ಅಂತ ಸಮುದ್ರ ಬುಗುಡಿನೂ ಕೊಡದೆ, ಹೋಗ್ತಾ ಮನೆ ಮುಂದಿನ ಜಗಲಿನೂ ನೆಕ್ಕೊಂಡು ಹೋಯ್ತಂತೆ.

ಉಳಿದದ್ದು ಮೂಗಲ್ಲಿದ್ದ ಮೂಗುತಿ ಒಂದೇ. ಸೀಮಂತ ಹತ್ತಿರ ಬಂತು. ಈ ಸಲ ನೇಮಕ್ಕ ತಾನೇ ಹೊರಟ್ಲು. ಹೋಗಿದ್ದಾದ್ರೂ ಯಾವಾಗ? ಮೀನಿನ ಸಂತೆ ಹೊತ್ತಿಗೆ. ಊರಿಗೆ ಊರೇ ದಡದಲ್ಲಿತ್ತು, ದುಗ್ಗಮ್ಮ ಬಂಗುಡೆ ಚೌಕಾಸಿ ಬಿಟ್ಟು ಮುಂದೆ ಬಂದು ನಿಂತ್ಲು. ನೇಮಕ್ಕ ಮೂಗುತಿ ಬಿಚ್ಚಿ ತಕ್ಕಡೀಲಿ ಇಟ್ಟು, ಉಸಿರು ಎಳ್ಕೊಂಡು ಕೂಗಿದ್ಲಂತೆ. ಕೇಳು ಸಮುದ್ರವೇ, ಇದು ವಜ್ರ ಅಲ್ಲ, ಗಾಜು. ವಜ್ರನ ನನ್ನ ಗಂಡ ಬಿಚ್ಚಿಸಿ, ಅಳಿವೆ ಬಾಯಲ್ಲಿ ಎಲೆಅಡಿಕೆ ಮಾರ್ತಾಳಲ್ಲ ಆ ಕಿತ್ತಳೆ ಸೀರೆಯವಳು, ಅವಳ ಉಂಗುರಕ್ಕೆ ಹಾಕ್ಸಿದಾನೆ. ನಂಗೆ ಅವತ್ತಿಂದ ಗೊತ್ತು. ಗೊತ್ತಿದ್ದೂ ತಲೆ ಎತ್ಕೊಂಡು ತಿರುಗ್ದೆ.

ಅಯ್ಯೋ ಕೂಸೇ, ಆಗ ನೋಡ್ಬೇಕಿತ್ತು! ಸೆಟ್ಟಿ ಅಲ್ಲೇ ಇದ್ದ, ಮೀನಿನ ಬುಟ್ಟಿ ಹಿಂದೆ ಕೂತ್ಕೊಂಡ, ಪೇಟ ಮಾತ್ರ ಮೇಲೆ ಕಾಣ್ತಿತ್ತಂತೆ. ಎಲೆಅಡಿಕೆಯವಳು ಕೈ ಸೆರಗೊಳಗೆ ಇಟ್ಕೊಂಡ್ಲು. ದುಗ್ಗಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ.

ನೇಮಕ್ಕ ನಿಲ್ಲಿಸಲಿಲ್ಲ. ಗಾಜಿಗೆ ಒಂದು ಬಳೆಯಷ್ಟೇ ಬೆಲೆ. ಆದ್ರೆ ಇದು ತಲುಪದೆ ಹೋದ್ರೆ ನಂಗೆ ಹೋಗೋದು ಗಾಜಲ್ಲ, ಮಗಳು. ಅವಳ ಬೆಲೆ ಅವಳೇ, ಅದಕ್ಕೆ ಬದಲು ಬೇರೆ ಏನಿಟ್ರೂ ನಂಗೆ ಸಾಲದು ಅಂದ್ಲು. ಪಾಲಿಗೆ ಹಾಕೋಕೆ ನನ್ನ ಹತ್ರ ಇನ್ನೇನೂ ಇಲ್ಲ ಅಂತ ಬರಿಗೈ ತೋರಿಸಿದ್ಲು.

ಉಪ್ಪಜ್ಜಿ ಊರಿನ ಜನದ ಕಡೆ ಒಂದು ಸಲ ನೋಡಿ, ಪಾಲು ಆಗಲೇ ಕೊಟ್ಟೆಯಲ್ಲೇ ತಾಯಿ ಅಂದ್ಲಂತೆ. ತಕ್ಕಡಿ ತಾನಾಗೇ ಸಮ ನಿಂತಿತು. ಸಮುದ್ರದ ಸದ್ದು ನಿಂತು ಹೋಯ್ತು. ಅಷ್ಟು ದೊಡ್ಡ ಸಮುದ್ರ ಒಂದು ಹೆಂಗಸಿನ ಮಾತು ಕೇಳ್ತಾ ಉಸಿರು ಬಿಗಿಹಿಡ್ಕೊಂಡಿತ್ತಂತೆ.

ಮೂಗುತಿ ಹೊತ್ತ ಹಡಗೂ ಮುಳುಗ್ತು ಕಣೇ. ಮುಳುಗಲೇಬೇಕು, ಇಲ್ಲದಿದ್ರೆ ಹೊಣೆ ಎಲ್ಲಿ ಗೊತ್ತಾಗುತ್ತೆ?

ಆಮೇಲೆ ಸೀಮಂತದ ದಿನ ಲವಂಗದ ದ್ವೀಪದಲ್ಲಿ, ಪದುಮಿ ಕೊಟ್ಟಿಗೇಲಿ ಸಗಣಿ ಬಾಚ್ತಿದ್ದಾಗ, ಸಮುದ್ರ ಎದ್ದು ಬೀದೀಲಿ ನಡ್ಕೊಂಡು ಬಂತಂತೆ. ಯಾರ ಮನೆನೂ ಮುಟ್ಟಲಿಲ್ಲ, ಒಂದು ಕೋಳಿಮರಿನೂ ನೆನೆಸಲಿಲ್ಲ. ಸೀದಾ ಅತ್ತೆ ಅಂಗಳಕ್ಕೆ ಬಂದು, ಹೊಸ್ತಿಲು ದಾಟದೆ, ಮನೆ ಮಾಡಿನಷ್ಟೆತ್ತರ ನೀಲಿಯಾಗಿ ನಿಂತಿತು. ಅತ್ತೆ ಕೈಲಿ ಸೌಟು ಹಿಡ್ಕೊಂಡೇ ಬಂದು, ಯಾ.. ಯಾರು ನೀವು ಅಂದ್ಲಂತೆ.

ತವರಿನವರು ಅಂದಿತಂತೆ ಸಮುದ್ರ. ಹೆಣ್ಣು ಕರ್ಕೊಂಡು ಹೋಗೋಕೆ ಬಂದಿದೀವಿ.

ಇತ್ತ ನೇಮಕ್ಕ ಬೆಳಗ್ಗೆ ಬಾಗಿಲಿಗೆ ನೀರು ಹಾಕೋಕೆ ಬಂದ್ರೆ, ಅಂಗಳಕ್ಕೆ ಆಗಲೇ ನೀರು ಬಿದ್ದಿದೆ. ಅರಳು ಬಿದ್ದಿದ್ದ ಅದೇ ಹೊಸ್ತಿಲ ಮೇಲೆ ಪದುಮಿ ಕೂತಿದಾಳೆ, ಕೂದಲ ತುದಿನೂ ಒದ್ದೆಯಿಲ್ಲ, ಮೂಗಲ್ಲಿ ಆ ಗಾಜಿನ ಮೂಗುತಿ. ಅಮ್ಮಾ, ಹಸಿವು ಅಂದ್ಲಂತೆ. ನೇಮಕ್ಕ ಚೆಂಬು ಬಿಟ್ಟು ಅಲ್ಲೇ ಕೂತು ಅತ್ತಳು.

ಹೆಣ್ಣುಮಗು ಹುಟ್ಟಿತು. ಆಮೇಲೆ ಅಳಿಯ ತಾಯಿನ ಕರ್ಕೊಂಡು ಓಡಿ ಬಂದ. ಆ ಅತ್ತೆ ಡಾಬಿನ ಸೊಲ್ಲೇ ಎತ್ತದೆ, ತಾನೇ ಸೊಸೆಗೆ ಬಾಣಂತಿ ನೀರು ಕಾಯಿಸಿದ್ಲಂತೆ, ನಮ್ಮ ಸೊಸೆ ತವರು ಅಂದ್ರೆ ಸಾಮಾನ್ಯ ಅಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದ್ಲಂತೆ. ಸೆಟ್ಟಿ ಕೊಚ್ಚಿಹೋದ ಜಗಲಿನ ಸಾಯೋವರೆಗೂ ಕಟ್ತಾನೇ ಇದ್ದ, ಒಳಗೆ ಕರೆದವರಿಲ್ಲ. ದುಗ್ಗಮ್ಮ ತನ್ನ ಮೂಗುತಿನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ್ಲಂತೆ. ಏನು ಕಾಣ್ತೋ, ಅವತ್ತಿಂದ ಅವಳ ಬಾಯಿ ಬಂದ್.

ಸಮುದ್ರ ಕೊಡೋದು ಕೊಟ್ಟು ತನ್ನ ಪಾಡಿಗೆ ವಾಪಸ್ ಹೋಯ್ತು, ಅದರ ಬೆನ್ನಿಗೇ ಕತೆನೂ ಹೋಗಿ ಮುಗೀತು. ಮಲಗು ಇನ್ನು.