ಲೋಳವ್ವನ ಹೊಟ್ಟೆಯ ಕಿಡಿ

ದೇವರು ಲೋಕವನ್ನು ಮಾಡಿ ಮುಗಿಸಿ, ಕೈಗೆ ಮೆತ್ತಿದ ಮಣ್ಣನ್ನು ಇನ್ನೂ ತೊಳೆದುಕೊಂಡಿರಲಿಲ್ಲ. ಆಗ ಮನುಷ್ಯನಿರಲಿಲ್ಲ, ದನವಿರಲಿಲ್ಲ, ಗುಬ್ಬಿಯೂ ಇರಲಿಲ್ಲ. ಇದ್ದದ್ದು ಒಂದು ಹೊಳೆ, ಹೊಳೆಯ ಮೇಲೆ ಗಾಳಿ, ಹೊಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು. ಎಲ್ಲರಿಗೂ ಮಾತು ಬರುತ್ತಿತ್ತು.

ಆ ಜೀವಗಳಲ್ಲಿ ಒಬ್ಬಳು ಲೋಳವ್ವ. ಕೈಯಿಲ್ಲ, ಕಾಲಿಲ್ಲ, ಮೈಯೆಲ್ಲ ಲೋಳೆ, ಮೈಗಿಂತ ದೊಡ್ಡದಾಗಿ ಕಾಣುವ ಹೊಟ್ಟೆ. ಒಂದು ಬಂಡೆಗೆ ಅಂಟಿಕೊಂಡು, ಹೊಳೆ ತಂದದ್ದನ್ನು ತಿಂದು ಬದುಕುತ್ತಿದ್ದಳು. ತಿನ್ನುವುದಕ್ಕೇನೂ ಕೊರತೆಯಿರಲಿಲ್ಲ. ಆದರೆ ತಿಂದದ್ದರಲ್ಲಿ ಎಲ್ಲೋ ಒಂದು ಚೂರು ಬಲವಾಗುತ್ತಿತ್ತು, ಅಷ್ಟೆ. ಉಳಿದದ್ದೆಲ್ಲ, ಒಲೆಯಿಲ್ಲದ ಮನೆಯಲ್ಲಿ ಅಕ್ಕಿಯ ಚೀಲ ಇಟ್ಟ ಹಾಗೆ, ಹೊಟ್ಟೆಯಲ್ಲಿ ತಣ್ಣಗೆ ಬಿದ್ದಿರುತ್ತಿತ್ತು.

ಲೋಳವ್ವನ ಸಂಕಟ ಒಂದೇ. ಅವಳಿಗೆ ಹುಟ್ಟಿದ ಹೆಣ್ಣುಮಕ್ಕಳು ಬಂಡೆ ಹಿಡಿದು ನಿಲ್ಲಲಾರದೆ ಹೋಗುತ್ತಿದ್ದರು. ಹೊಳೆ ಅವರನ್ನು ಎಳೆದುಕೊಂಡು ಹೋಗಿ ಉಪ್ಪು ಕಡಲಿಗೆ ಸೇರಿಸುತ್ತಿತ್ತು. ಬೇಡಿಕೊಂಡರೆ, ತನಗೆ ಯಾರ ಮೇಲೂ ಸಿಟ್ಟಿಲ್ಲ, ಹರಿಯುವುದು ದೇವರು ಹೇಳಿದ ಕೆಲಸ, ಹಿಡಿದುಕೊಂಡವರು ಉಳಿಯುತ್ತಾರೆ ಎಂದು ಹೊಳೆ ಹೇಳಿತು. ಈಗ ಮತ್ತೊಬ್ಬ ಮಗಳು ಲೋಳವ್ವನ ಮೈಯಲ್ಲಿ ಮೊಳೆಯುತ್ತಿದ್ದಳು. ಇವಳನ್ನಾದರೂ ಉಳಿಸು ಸ್ವಾಮಿ ಎಂದು ಅವಳು ಹೊತ್ತು ಹುಟ್ಟಿದಾಗೊಮ್ಮೆ, ಮುಳುಗಿದಾಗೊಮ್ಮೆ ಕೇಳಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಎಂದಿನಂತೆ ಬಾಯಿಗೆ ಬಂದದ್ದನ್ನು ನುಂಗಿದಳು. ನುಂಗಿದ್ದು ಒಳಗಿನಿಂದ ಮಾತಾಡಿತು. ಅದು ಕಿಡಿ. ಲೋಳವ್ವ ಒಂದು ಕುಂಬಳಕಾಯಿಯಾದರೆ ಅದು ಸಾಸಿವೆ ಕಾಳು. ಕೆಂಪಗೆ, ಬೆಚ್ಚಗೆ, ಗಾಳಿಯನ್ನು ಉಂಡು ಬದುಕುವ ಜೀವ.

"ತಾಯಿ, ನನ್ನನ್ನು ತಿಂದರೆ ನಿನಗೆ ಒಂದು ತುತ್ತು. ಇರಗೊಟ್ಟರೆ ನೀನು ತಿನ್ನುವ ಪ್ರತಿ ತುತ್ತೂ ಬಲವಾಗುವ ಹಾಗೆ ಮಾಡುತ್ತೇನೆ."

"ಹೊಟ್ಟೆಯೊಳಗಿಂದ ಚೌಕಾಸಿ ಮಾಡುವ ಊಟವನ್ನು ಇದೇ ಮೊದಲು ಕಂಡೆ ಕಣಪ್ಪ" ಎಂದಳು ಲೋಳವ್ವ.

ಆದರೂ ಆಸರೆ ಕೇಳಿದವನನ್ನು ಕರಗಿಸಿಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಒಳಗೆ ಒಂದು ಮೂಲೆ ಕೊಟ್ಟಳು. ಕೊಟ್ಟ ಮೇಲೆ ಅವನು ಮನೆಗೆ ಬಂದ ನೆಂಟನಾದ. ನೆಂಟನ ಮುಂದೆ ಅಳತೆ ಮಾಡಿ ಬಡಿಸುವುದುಂಟೇ? ಹೊಟ್ಟೆಯಲ್ಲಿ ಕೂಡಿಟ್ಟದ್ದನ್ನೆಲ್ಲ ತಂದು ಸುರಿದಳು. ಸಾಕು ಎಂದರೆ ಕೇಳಲಿಲ್ಲ. ಎಷ್ಟು ಸಣಕಲು ಇದ್ದೀಯ, ಸಂಕೋಚ ಬೇಡ ಎಂದು ಮತ್ತೂ ಸುರಿದಳು.

ಕಿಡಿ ಭುಗ್ಗೆಂದು ಉರಿಯಿತು. ಲೋಳವ್ವನ ಒಡಲು ಬೆಂದಂತಾಗಿ ಅವಳು ಬಂಡೆಯಿಂದ ಜಾರಿದಳು. ಒಂದು ಅಂಚು ಮಾತ್ರ ಕಲ್ಲಿಗೆ ಅಂಟಿಕೊಂಡಿತ್ತು. ಕೆಳಗೆ ಹೊಳೆ ಎಳೆಯುತ್ತಿತ್ತು.

ಮೇಲಿನಿಂದ ಗಾಳಿ ಕೇಳಿತು, "ಏನೇ ಲೋಳವ್ವ, ಬೀಗರ ಊಟ ಹಾಕಿಸ್ತಿದ್ದೀಯ?"

"ನಗಬೇಡವೋ ಅಣ್ಣ, ಮಗಳು ಹೋಗ್ತಾಳೆ" ಎಂದಳು ಅವಳು.

ಗಾಳಿ ನಗುವುದನ್ನು ನಿಲ್ಲಿಸಿ ಉಸಿರು ಬಿಗಿಹಿಡಿಯಿತು. ಗಾಳಿ ಸಿಗದೆ ಕಿಡಿ ತಗ್ಗಿತು. ಆಮೇಲೆ ಅದು ಮೆಲ್ಲಗೆ ತಿಳಿಸಿ ಹೇಳಿತು: ತುತ್ತನ್ನು ಚೂರು ಮಾಡಬೇಕು, ಒಂದು ಚೂರು ಮುಗಿದ ಮೇಲೆ ಇನ್ನೊಂದನ್ನು ಕೊಡಬೇಕು, ಗಾಳಿಯೂ ಗುಟುಕು ಗುಟುಕಾಗಿ ಬರಬೇಕು.

ಹಾಗೆಯೇ ನಡೆಯಿತು. ಲೋಳವ್ವ ಚೂರು ಕೊಟ್ಟಳು, ಗಾಳಿ ಗುಟುಕು ಕೊಟ್ಟಿತು. ಕಿಡಿ ಚೂರನ್ನು ಬಿಡಿಸಿ ಬಿಡಿಸಿ, ಅದರಲ್ಲಿ ಅಡಗಿದ್ದ ಬಲವನ್ನು ಹನಿಹನಿಯಾಗಿ ತೆಗೆದು ಅವಳ ಮೈಗೆ ಹಂಚಿತು. ಉಳಿದ ತೇವವನ್ನೂ ಸೋತ ಉಸಿರನ್ನೂ ಗಾಳಿ ಹೊರಗೆ ಒಯ್ದಿತು. ಲೋಳವ್ವನ ಮೈ ಬೆಚ್ಚಗಾಯಿತು. ಅವಳು ತೆವಳಿ ಬಂಡೆಯ ಮೇಲೆ ಹತ್ತಿ ಕುಳಿತಳು.

ಮಗಳು ತುಂಬಿಕೊಂಡಳು, ಬೇರೆಯಾಗುವ ಹೊತ್ತು ಬಂತು. ಆಗ ಲೋಳವ್ವ ಯೋಚಿಸಿದಳು. ಇರುವುದು ಒಂದೇ ಕಿಡಿ. ತಾನು ಇಟ್ಟುಕೊಂಡರೆ ಮಗಳು ಹಿಡಿಯಲಾರಳು.

ಅವಳು ಹೇಳಿದಳು, "ಕಿಡಿ, ನೀನು ಅವಳ ಜೊತೆ ಹೋಗಪ್ಪ. ಈ ಬಂಡೆ ನಾನು ಹಿಡಿದದ್ದು ಸಾಕು."

ಹೊಳೆಯೂ ಒಂದು ಗಳಿಗೆ ಮಂದವಾಗಿ ಹರಿಯಿತು.

"ಬೇಡ ಬೇಡ ಅಂದರೂ, ಸಣಕಲು ಸಣಕಲು ಅಂತ ಒಂದೊಂದು ಚೂರು ಜಾಸ್ತಿಯೇ ಬಡಿಸಿದೆಯಲ್ಲ ತಾಯಿ" ಎಂದಿತು ಕಿಡಿ. "ಒಳಗೆ ತಿರುಗಿ ನೋಡು. ನಾನು ಒಬ್ಬನಾಗಿ ಎಲ್ಲಿ ಉಳಿದಿದ್ದೇನೆ?"

ಲೋಳವ್ವ ನೋಡಿದಳು. ಮೂಲೆಯಲ್ಲಿ ಎರಡು ಕಿಡಿಗಳಿದ್ದವು. ಅವುಗಳ ಹಿಂದೆ ಮತ್ತೂ ಕೆಲವು ಮಿಣುಕುತ್ತಿದ್ದವು. ಕೆಂಡದಿಂದ ಕೆಂಡ ಹೊತ್ತಿಕೊಂಡ ಹಾಗೆ ಅದು ತುಂಡಾಗಿ ತುಂಡಾಗಿ ಬೆಳೆದಿತ್ತು.

ಅರ್ಧವನ್ನು ಮಗಳ ಮಡಿಲಿಗೆ ಕಟ್ಟಿ ಕಳಿಸಿದಳು. ಮಗಳು ಬೇರೆಯಾದದ್ದೇ ತಡ, ಹೊಳೆ ಬಂದು ತನ್ನ ಬಲವನ್ನೆಲ್ಲ ಹಾಕಿ ಎಳೆಯಿತು. ಹುಡುಗಿ ಒಂದಿಷ್ಟು ಜಾರಿದಳು. ಆಮೇಲೆ ಹುಡುಗಿಯ ಮೈ ಬೆಚ್ಚಗಾಯಿತು, ಅವಳು ಕಲ್ಲನ್ನು ಕಚ್ಚಿ ಹಿಡಿದಳು. ಹೊಳೆ ಅವಳನ್ನು ಬಳಸಿಕೊಂಡು ಮುಂದೆ ಹೋಯಿತು. ಇವಳು ನಿನ್ನ ಮಗಳೇ ಸರಿ ಎಂದು ಲೋಳವ್ವನಿಗೆ ಹೇಳಿಯೇ ಹೋಯಿತು.

ಕೈಯಿಲ್ಲದ ಲೋಳವ್ವ ಸ್ವಾಮಿಗೆ ಕೈಮುಗಿದಳು. ಹೇಗೆ ಮುಗಿದಳೋ, ಅವನಿಗೇ ಗೊತ್ತು.

ಆ ಮಗಳು ತನ್ನ ಮಗಳಿಗೆ ಕಿಡಿ ಕೊಟ್ಟಳು, ಅವಳು ತನ್ನ ಮಗಳಿಗೆ. ಹೀಗೆ ಮೀನಿಗೆ, ಕಪ್ಪೆಗೆ, ಹಸುವಿಗೆ ಬಂತು. ನಿನ್ನ ಮುತ್ತಜ್ಜಿ ಅಜ್ಜಿಗೆ ಕೊಟ್ಟಳು, ಅಜ್ಜಿ ನಿನ್ನ ಅವ್ವನಿಗೆ, ಅವ್ವ ನಿನಗೆ. ಅದಕ್ಕೇ ಮಗು, ನೀನು ಓಡಿ ಬಂದಾಗ ಕಿಡಿಗಳು ಇನ್ನಷ್ಟು ಗಾಳಿ ಕೇಳಿ ಏದುಸಿರು ತರಿಸುತ್ತವೆ, ಚಳಿಯ ಬೆಳಿಗ್ಗೆ ನೀನು ಬಾಯಿ ತೆರೆದರೆ ಬೆಳ್ಳಗೆ ಹಬೆ ಏಳುತ್ತದೆ, ಮತ್ತು ನೀನು ಮಲಗಿ ನಿದ್ದೆಹೋದರೂ ನಿನ್ನ ಕೆನ್ನೆ ಮುಟ್ಟಿದವರ ಕೈಗೆ ಬಿಸಿ ತಗಲುತ್ತದೆ.