ದಾವಲಜ್ಜನ ಕೊಲೆಟ್ಟಿಗೆ ಒಂದು ಚಪ್ಪಲಿ

ಭಾಳ ಹಿಂದೆ ಒಂದೂರಿನಲ್ಲಿ ಒಂದು ಓಣಿ ಇತ್ತಂತೆ. ಅಲ್ಲಿ ಕೋಳಿ ಕೂಗಿದರೂ ಕೇಳುತ್ತಿರಲಿಲ್ಲ, ಅಷ್ಟು ಕಬ್ಬಿಣದ ಸದ್ದು. ಶೆಡ್ಡಿಗೊಂದು ಹಳೇ ಮಿಲ್ಲಿಂಗ್ ಮಶೀನು, ತಿರುಗುವ ಕಟರಿನಿಂದ ಕಬ್ಬಿಣ ಕೊರೆಯುವಂಥದ್ದು. ಎಲ್ಲವೂ ಮುಚ್ಚಿಹೋದ ಒಂದೇ ಕಾರ್ಖಾನೆಯ ಗುಜರಿಯಿಂದ ಬಂದವು, ಒಂದೇ ಬಸಿರಿನ ಮಕ್ಕಳ ಹಾಗೆ. ಬಾಯಿ ದೊಡ್ಡದು. ಹೆಬ್ಬೆರಳು ದಪ್ಪದ ಕಟರ್ ಕೊಟ್ಟರೆ ಗಪ್ಪನೆ ಹಿಡಿಯುತ್ತಿದ್ದವು. ಕಡ್ಡಿಯಂಥ ಸಣ್ಣ ಕಟರ್ ಕೊಟ್ಟರೆ ಹಿಡಿತವೇ ಇಲ್ಲ. ಮಂದಿ ಕಾಗದ ಸುತ್ತಿ ತುರುಕುತ್ತಿದ್ದರು. ಕಟರ್ ಮುರಿದ ಮೇಲೆ ಕಟರಿಗೇ ಬೈಯುತ್ತಿದ್ದರು.

ಅಲ್ಲಿ ದಾವಲಸಾಬ ಅಂತ ಒಬ್ಬ ಮಿಸ್ತ್ರಿ ಇದ್ದನಂತೆ. ಒಂದು ಕಣ್ಣು ಸಣ್ಣವನಿದ್ದಾಗಲೇ ಹೋಗಿತ್ತು. ಉಳಿದ ಒಂದರಲ್ಲೇ ಗೆರೆ ನೋಡಬೇಕು, ಅದರಲ್ಲೇ ಅನ್ನ. ಅವನು ಲಾರಿಯ ಹಳೇ ಆಕ್ಸಲ್ ಕಡಿದು ಒಂದು ಕೊಲೆಟ್ ಮಾಡಿದ. ಅಂದರೆ ಉಕ್ಕಿನ ಸಣ್ಣ ನಳಿಕೆ, ತುದಿಗೆ ಸೀಳು. ಮಶೀನಿನ ಬಾಯಿಗಿಟ್ಟು ಮೇಲಿನ ಉದ್ದ ಬೋಲ್ಟ್ ಬಿಗಿದರೆ ಸೀಳುಗಳೆಲ್ಲ ಕೂಡಿ ಕಟರನ್ನು ಸುತ್ತಲಿಂದ ಕಚ್ಚುತ್ತಿದ್ದವು. ಅದು ಸೊಳ್ಳೆಯ ಮೂತಿಯನ್ನೂ ಹಿಡಿಯುತ್ತಿತ್ತು ಅಂತಾರೆ. ಅದರಲ್ಲಿ ಸೂಜಿ ಹಿಡಿಸಿ ಅಕ್ಕಿಕಾಳಿನ ಮೇಲೆ ಸಾಲು ಕೊರೆದ ಅಂತಾರೆ. ನಮ್ಮಜ್ಜ ಹೇಳುವಾಗ ಅಕ್ಕಿಕಾಳು, ಪಕ್ಕದ ಶೆಡ್ಡಿನವರು ಹೇಳುವಾಗ ಸಾಸಿವೆ. ಬರುವ ವರ್ಷ ಗಸಗಸೆ ಆಗ್ತದೆ, ನೋಡ್ತಿರಿ.

ಮೊದಮೊದಲು ಮಂದಿ ನಕ್ಕರು. ಆಮೇಲೆ ಕೇಳಿ ಒಯ್ದರು. ಆಮೇಲೆ ಕೇಳದೇ ಒಯ್ದರು.

ಒಂದು ದಿನ ಶೆಡ್ಡಿನ ಮಾಲೀಕ ರಾಚಪ್ಪ ಸಾವ್ಕಾರ ಅವಸರದ ಕೆಲಸ ತಂದ. ದಾವಲಸಾಬ ಡಬ್ಬಿ ತೆರೆದರೆ ಕೊಲೆಟ್ ಇಲ್ಲ. ಶೆಡ್ಡು ಶೆಡ್ಡಿಗೆ ಹೋಗಿ ಕೇಳಿದ. ಎಲ್ಲರೂ ಪಕ್ಕದವನ ಕಡೆ ಬೆರಳು ತೋರಿಸಿದರಂತೆ. ಎಲ್ಲರೂ ಚಹಾ ಕೊಟ್ಟರಂತೆ. ಹೊಟ್ಟೆ ತುಂಬ ಚಹಾ ಕುಡಿದು ಬರಿಗೈಲಿ ಬಂದ.

"ಡ್ರಿಲ್ ಹಿಡಿಯೋ ಚಕ್ಕಿನಾಗ ಕಟರ್ ಹಾಕಿ ಹೊಡಿಯೋ," ಅಂದ ಸಾವ್ಕಾರ.

"ಯಜಮಾನ್ರ, ಚಕ್ಕು ಕೆಳಗ ಒತ್ತಾಕ ಅಷ್ಟ. ಅಡ್ಡ ಹೊಡೆದ್ರ ಅಲುಗಿ ಕಳಚತೈತಿ. ನನಗಿರೋದು ಒಂದ ಕಣ್ಣು."

"ಒಂದ ಕಣ್ಣಿನವಗ ಕೆಲಸ ಕೊಟ್ಟಾವ ನಾನ. ಎರಡ ಕಣ್ಣಿನವರು ಹೊರಗ ನಿಂತಾರ, ಕರೀಲೇನು?"

ದಾವಲಸಾಬ ಚಕ್ಕಿನಲ್ಲೇ ಹಾಕಿ ಹೊಡೆದ. ಚಕ್ಕು ಕಳಚಿತು. ಕಟರ್ ಮುರಿಯಿತು. ಚೂರು ಎಲ್ಲಿಗೆ ಹೋಯಿತು ಅಂತ ನಾನು ಬಾಯಿಬಿಟ್ಟು ಹೇಳಬೇಕೇನು?

ಓಣಿಗೆ ಓಣಿಯೇ ಓಡಿ ಬಂತು. ಕಣ್ಣಿಗೆ ಟವೆಲ್ ಕಟ್ಟಿ, ಗಾಡಿ ತರಲು ಕಳಿಸಿದರು. ದಾವಲಸಾಬ ಏಳಲು ಮಶೀನಿನ ಮೇಲೆ ಕೈ ಊರಿದ. ಕೈಗೆ ಕೊಲೆಟ್ ಸಿಕ್ಕಿತು. ಗದ್ದಲದಲ್ಲಿ ಯಾರೋ ಚೊಕ್ಕ ಒರೆಸಿ ಇಟ್ಟುಬಿಟ್ಟಿದ್ದರು.

"ಇನ್ನೂ ಬಿಸಿ ಐತಿ, ಈಗಷ್ಟ ಕೆಲಸ ಮಾಡೈತಿ," ಅಂದನಂತೆ.

ಒರೆಸಿದವನ ಕೈಗೆ ಎಣ್ಣೆ ಹತ್ತಿರಲೇಬೇಕು. ಆದರೆ ಆ ಓಣಿಯಲ್ಲಿ ಎಲ್ಲರ ಕೈಗೂ ಎಣ್ಣೆ.

ಗಾಡಿ ಹತ್ತುವಾಗ ಹೇಳಿದನಂತೆ, "ಇನ್ನ ಮ್ಯಾಲೆ ಒಯ್ಯೋರು ಒಂದು ಚಪ್ಪಲಿ ಬಿಟ್ಟು ಒಯ್ರಿ. ಕುರುಡ ಮುಟ್ಟಿದ್ರೂ ತಿಳೀಬೇಕು, ಯಾರು ಒಯ್ದಾರಂತ."

ಮತ್ತೆ ಅವನು ಓಣಿಗೆ ಬರಲಿಲ್ಲ. ಎಲ್ಲೋ ದರ್ಗಾದ ಬಾಗಿಲಲ್ಲಿ ಕೂತಿದ್ದ ಅಂತಾರೆ. ಕಣ್ಣಿಲ್ಲದೆಯೂ ಕೊಲೆಟ್ ಮಾಡುತ್ತಿದ್ದ ಅಂತಾರೆ. ಹೋಗಿ ನೋಡಿ ಬಂದವರು ಯಾರು ಅಂತ ಕೇಳಿದರೆ ಎಲ್ಲರೂ ಬೀಡಿ ಹಚ್ಚುತ್ತಾರೆ.

ಆ ಓಣಿಯೇ ನಮ್ಮ ಓಣಿ. ಇವತ್ತಿಗೂ ಇಲ್ಲಿ ಕೊಲೆಟ್ ಒಯ್ಯುವವನು ಒಂದು ಚಪ್ಪಲಿ ಬಿಟ್ಟೇ ಒಯ್ಯಬೇಕು. ಕಾದ ಕಬ್ಬಿಣದ ಪುಡಿಯ ಮೇಲೆ ಕುಂಟುತ್ತ ಕುಣಿಯುತ್ತ ಹೋಗುವ ಹಿರೀಕರನ್ನು ನೋಡಬೇಕು ನೀವು. ನಕ್ಕೂ ನಕ್ಕೂ ಹೊಟ್ಟೆ ನೋವು ಬರ್ತದೆ.

ದಸರೆಯಲ್ಲಿ ಹತಾರಗಳಿಗೆ ಮಾಡುವ ಖಂಡೇಪೂಜೆಯ ದಿನ ಮಾತ್ರ ಯಾರೂ ನಗುವುದಿಲ್ಲ. ಅವತ್ತು ದಾವಲಜ್ಜನ ಮಶೀನಿಗೆ ಹಾರ ಹಾಕಿ, ಅದರ ಬುಡದಲ್ಲಿ ಒಂದು ಚಪ್ಪಲಿಯಷ್ಟು ನೆಲ ಗುಡಿಸಿ ಖಾಲಿ ಬಿಡುತ್ತಾರೆ. ಅವನ ಕಣ್ಣು ಹೋದ ದಿನ ಕೊಲೆಟ್ ಒಯ್ದವನ ಚಪ್ಪಲಿಗೆ ಅಂತ ಆ ಜಾಗ. ಅವನೂ ಎಷ್ಟೋ ವರ್ಷ ಎಲ್ಲರ ನಡುವೆ ನಿಂತು ಕೈ ಮುಗಿದಿರಬೇಕು. ಪ್ರಸಾದ ತಿಂದು, ಎರಡೂ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿರಬೇಕು.