ಎರಡು ಅತ್ತರು, ಒಂದು ಮೂಗು

ಹೊಳೆದಂಡೆಯಲ್ಲಿ ಕರಿಬಸಯ್ಯನವರ ಆಶ್ರಮ. ಅಲ್ಲಿನ ಶಿಷ್ಯರು ಮಂತ್ರವನ್ನೂ ಕಲಿಯುತ್ತಿದ್ದರು, ಅತ್ತರು ಇಳಿಸುವುದನ್ನೂ ಕಲಿಯುತ್ತಿದ್ದರು.

ಶಿಷ್ಯ ಶಂಭುಲಿಂಗನಿಗೆ ಮೂರು ದಿನದಿಂದ ಅನ್ನ ಸೇರುತ್ತಿರಲಿಲ್ಲ. ಇದುವರೆಗೆ ಬೇರೆ ಯಾರೂ ಹಚ್ಚಿಕೊಂಡಿರದಂಥ ಅತ್ತರು ಬೇಕೆಂದು ರಾಣಿ ಹೇಳಿಕಳಿಸಿದ್ದಳು. ಮೆಚ್ಚಿದರೆ ಅವನೇ ಅರಮನೆಯ ಗಂಧಿಗ. ಮೆಚ್ಚದಿದ್ದರೆ ಆ ಬಾಗಿಲು ಮತ್ತೆ ತೆರೆಯದು. ಪಾಪ, ಅವನು ಮಾಡಿದ್ದು ಎರಡು, ಒಯ್ಯಬೇಕಾದದ್ದು ಒಂದು.

"ಗುರುಗಳೇ, ಒಂದರಲ್ಲಿ ಕಸ್ತೂರಿಗೆ ಮಾಗಿದ ಹಲಸು ಸೇರಿಸಿದ್ದೇನೆ. ಇನ್ನೊಂದರಲ್ಲಿ ಕೇದಗೆಗೆ ಸುಟ್ಟ ತೆಂಗಿನ ಚಿಪ್ಪಿನ ಹೊಗೆ. ಯಾವುದು ಒಯ್ಯಲಿ?"

"ನಿನಗೆ ಯಾವುದು ಇಷ್ಟವಪ್ಪಾ?"

"ನನ್ನ ಇಷ್ಟ ಕಟ್ಟಿಕೊಂಡು ಏನಾಗಬೇಕು? ಜನ ಮೆಚ್ಚಬೇಕಲ್ಲ!"

"ಹಾಗಾದರೆ ಜನರನ್ನೇ ಕೇಳು."

ಗುರುಗಳು ಅವನ ಎಡ ಮಣಿಕಟ್ಟಿಗೆ ಅರಿಸಿನ ಬಳಿದು ಹಲಸಿನದನ್ನು ಹಚ್ಚಿದರು. ಬಲಕ್ಕೆ ದಪ್ಪಗೆ ಕುಂಕುಮ ಬಳಿದು ಹೊಗೆಯದನ್ನು ಹಚ್ಚಿದರು.

"ಯಾವ ಕೈಗೆ ಯಾವುದು ಅಂತ ಮರೀಬಾರದು ನೋಡು" ಎಂದರು.

ಶಂಭುಲಿಂಗ ಪೇಟೆಗೆ ಓಡಿದ. ಹೋಗುವಾಗ ಕಂಡಕಂಡವರಿಗೆಲ್ಲ ಹಳದಿ ಕೈ ಚಾಚಿದ. ಬೀದಿಯ ಕೊನೆಯ ಕಟ್ಟೆಯಲ್ಲಿ ಕೂತು ದಣಿವಾರಿಸಿಕೊಂಡ. ಬರುವಾಗ ಕೆಂಪು ಕೈ ಚಾಚಿದ.

ಮರಳಿ ಬಂದಾಗ ಅವನ ಮುಖ ಬಾಡಿತ್ತು.

"ಹಲಸಿನದನ್ನೇ ಒಯ್ಯುತ್ತೇನೆ ಗುರುಗಳೇ. ಎಲ್ಲರೂ ಭಲೇ ಅಂದರು. ಹೊಗೆಯದಕ್ಕೆ ಬಿದ್ದು ಬಿದ್ದು ನಕ್ಕರು. ಒಬ್ಬ ಹೂವಾಡಗಿತ್ತಿಯಂತೂ ಬುಟ್ಟಿ ಕೆಳಗಿಟ್ಟು ನಕ್ಕಳು! ನನಗೆ ಅಳುವೇ ಬಂತು."

ಗುರುಗಳು ಒಳಗೆ ಹೋಗಿ ನೀರು ತುಂಬಿದ ಹರಿವಾಣ ತಂದು ಅವನ ಮುಂದಿಟ್ಟರು.

"ಬಗ್ಗಿ ನೋಡು."

ಬಗ್ಗಿದ. ಮೂಗಿನ ತುದಿ, ಮೀಸೆ, ತುಟಿ ಎಲ್ಲ ಕೆಂಪೋ ಕೆಂಪು.

"ಹೋಗಿ ಬರುವ ನಡುವೆ ಏನು ಮಾಡ್ತಿದ್ದೆ?"

"ಏನೂ ಇಲ್ಲ ಗುರುಗಳೇ. ಕಟ್ಟೆಯ ಮೇಲೆ ಕೂತು ಸುಮ್ಮನೆ ಒಂದೆರಡು ಸಲ ಮೂಸಿ..."

ಅವನು ಕೈ ನೋಡಿಕೊಂಡ. ಎಡಗೈಯ ಅರಿಸಿನ ಬಳಿದಂತೆಯೇ ಇತ್ತು. ಬಲಗೈಯಲ್ಲಿ ಕುಂಕುಮವೇ ಉಳಿದಿರಲಿಲ್ಲ.

"ಅಯ್ಯೋ, ಅವರು ನಕ್ಕಿದ್ದು ನನ್ನ ಮೂತಿಗಾ!" ಎಂದವನಿಗೆ ನಗು ತಡೆಯಲಾಗಲಿಲ್ಲ. ಗುರುಗಳೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಷ್ಟರಲ್ಲಿ ಅರಮನೆಯ ದೋಣಿ ದಡಕ್ಕೆ ಬಂತು. ಶಂಭುಲಿಂಗ ಹೊಗೆಯ ಅತ್ತರಿನ ಸೀಸೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹರಿವಾಣಕ್ಕೆ ಕೈ ಹಾಕಿದ.

"ಒಂದೇ ನಿಮಿಷ, ಮುಖ ತೊಳ್ಕೊಂಡುಬಿಡ್ತೀನಿ."

ಗುರುಗಳು ಹರಿವಾಣವನ್ನು ಹಿಂದಕ್ಕೆಳೆದುಕೊಂಡರು.

"ತೊಳೀಬೇಡ, ಹಾಗೇ ಹತ್ತು. ಇದನ್ನೇ ಯಾಕೆ ತಂದೆ ಅಂತ ರಾಣಿ ಕೇಳಿದರೆ, ಮೂಗು ತೋರಿಸು."